ಇನ್‌ಚಾರ್ಜ್ ಮೇಡಂ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರ್ಯಾದೆಗೆ ಬಿಟ್ಟಿದ್ದೇನೆ ಎಂದು ಯಾರೂ ತಿಳಿಯಬೇಡಿ. ಅವರ ಹೆಸರು ಬರಬೇಕಾದ ಕಡೆಯೆಲ್ಲ ಬಂದಾಗಿದೆ, ಬರಬಾರದ ಕಡೆಯೂ ಬಂದಾಗಿದೆ. ಇನ್ನೊಂದು ಕಡೆ ನಾನೇ ಕೈಯಾರೆ ಬರೆದು ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದೆವು. ಬೇರೆ ಹೆಂಗಸರನ್ನೂ ಹಾಗೇ ಕರೆಯುತ್ತಿದ್ದೆವಾದರೂ ಹಿಂದೆ ಮುಂದೆ ಏನೂ ಸೇರಿಸದೆ ಬರೀ ಮೇಡಂ ಎಂದರೆ ಇವರೊಬ್ಬರೇ. ಹೋದ ತಿಂಗಳು ನಿವೃತ್ತರಾದರು.

ನಮ್ಮದು ಬಸವೇಶ್ವರನಗರದಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿರುವ ಸಣ್ಣ ಕಂಪನಿ. ರಕ್ತಪರೀಕ್ಷೆ ಮಾಡುವ ಲ್ಯಾಬುಗಳಿಗೆ ರಿಪೋರ್ಟು ತಯಾರಿಸಿ ಕೊಡುವ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ಕುರ್ಚಿ ಮೇಜು ಬರುವ ಮೊದಲೇ ಬಂದವನು ನಾನು. ಬಾಸ್ ಮತ್ತು ನಾನು ನೆಲದ ಮೇಲೆ ಚಾಪೆ ಹಾಕಿಕೊಂಡು ಮೊದಲ ಲ್ಯಾಬಿನ ಪ್ರೋಗ್ರಾಂ ಬರೆದಿದ್ದೆವು. ಹಾಗಾಗಿ ಇಲ್ಲಿ ಯಾರಿಗೆ ಏನೇ ಅನುಮಾನ ಬಂದರೂ ನನ್ನ ಮೇಜಿಗೇ ಬರಬೇಕು ಎಂದು ನಾನು ನಂಬಿದ್ದೆ. ಐದು ವರ್ಷ ಹಾಗೇ ನಡೆಯಿತು. ಆಮೇಲೆ ಇವರು ಬಂದರು.

ಆಗ ಅವರಿಗೆ ನಲವತ್ತೈದು. ದಾವಣಗೆರೆ ಕಡೆಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಗಂಡನಿಗೆ ಬೆಂಗಳೂರಿಗೆ ವರ್ಗವಾದಾಗ ಕೆಲಸ ಬಿಟ್ಟು ಗೋವಿಂದರಾಜನಗರದಲ್ಲಿ ಬಾಡಿಗೆಗೆ ಒಂದು ಪೋರ್ಷನ್ ಹಿಡಿದಿದ್ದರು. ಮನೆಯಲ್ಲಿ ಕೂತು ಬೇಜಾರಾಗಿ ಪ್ರೋಗ್ರಾಮಿಂಗ್ ಕಲಿತರಂತೆ. ಯಾರೂ ಹೇಳಿಕೊಟ್ಟಿರಲಿಲ್ಲ. ‘ಎರಡು ತಿಂಗಳು ನೋಡೋಣ’ ಎಂದು ಬಾಸ್ ಸೇರಿಸಿಕೊಂಡರು. ನಾನೂ ಎರಡು ತಿಂಗಳಷ್ಟೇ ಎಂದುಕೊಂಡು ನಕ್ಕು ಮಾತಾಡಿಸಿದೆ. ಹದಿನೈದು ವರ್ಷ ಇದ್ದರು.

ಅವರು ಬೇರೆಯವರ ಪ್ರೋಗ್ರಾಂ ಓದುವ ರೀತಿಯೇ ಬೇರೆ. ತೆರೆಯ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಸಾಲು ಓದುತ್ತಿದ್ದರು. ಓದಿ ಮುಗಿದ ಮೇಲೆ ತೆರೆಯ ಮೇಲಿನ ಬೆರಳ ಗುರುತನ್ನು ಸೆರಗಿನಿಂದ ಒರೆಸುವರು. ಶುರುವಿನಲ್ಲಿ ನಾವೆಲ್ಲ ನಗುತ್ತಿದ್ದೆವು. ಆಮೇಲೆ ಆ ಬೆರಳು ನಿಂತ ಕಡೆ ತಪ್ಪಿರುತ್ತದೆ ಎಂದು ಗೊತ್ತಾಯಿತು. ನಗುವುದನ್ನು ಕೊನೆಯಲ್ಲಿ ನಿಲ್ಲಿಸಿದವನು ನಾನು.

ಅವರ ಮೇಜಿನ ಪಕ್ಕದಲ್ಲಿ ಸದಾ ಒಂದು ಪ್ಲಾಸ್ಟಿಕ್ ಕುರ್ಚಿ ಖಾಲಿ ಇರುತ್ತಿತ್ತು, ಅನುಮಾನ ಕೇಳಲು ಬಂದವರು ಕೂರಲಿ ಎಂದು. ನನ್ನ ಪಕ್ಕದಲ್ಲೂ ಒಂದು ಹಾಕಿಸಿಕೊಂಡೆ. ಅದರ ಮೇಲೆ ನನ್ನ ಹೆಲ್ಮೆಟ್ಟು ಕೂರುತ್ತಿತ್ತು. ಊಟದ ಹೊತ್ತಿನಲ್ಲೂ ಇದೇ ಕಥೆ. ಅವರ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ಒಂದು ಗಳಿಗೆಯಲ್ಲಿ ಖಾಲಿಯಾಗುತ್ತಿತ್ತು. ನನ್ನ ಚಿತ್ರಾನ್ನ ಅರ್ಧಕ್ಕರ್ಧ ಮನೆಗೆ ವಾಪಸ್ಸು. ‘ಯಾಕ್ರೀ, ನಾನು ಮಾಡಿದ್ದು ಯಾರೂ ತಿನ್ನಲ್ವಾ?’ ಎಂದು ಹೆಂಡತಿ ಕೇಳಿದರೆ ಏನು ಹೇಳಲಿ? ಹೊಟ್ಟೆಕಿಚ್ಚು ಡಬ್ಬಿಯ ತನಕ ಇಳಿದಿದೆ ಎಂದು ಹೇಳಲಾಗುತ್ತದೆಯೇ?

ಆದರೆ ನನ್ನ ಹೊಟ್ಟೆ ನಿಜವಾಗಿ ಉರಿದದ್ದು ಅವರ ಪಾಠಕ್ಕೆ. ನಾವು ಬಳಸುವುದು ಒಂದು ಫಂಕ್ಷನಲ್ ಭಾಷೆ. ಅದರಲ್ಲಿ ಕೆಲಸವನ್ನೆಲ್ಲ ಸಣ್ಣ ಸಣ್ಣ ಫಂಕ್ಷನ್ನುಗಳಾಗಿ ಒಡೆಯುತ್ತೇವೆ. ಒಂದು ಫಂಕ್ಷನ್ನಿಗೆ ಏನು ಬೇಕೋ ಅದನ್ನು ಅದರ ಕೈಗೇ ಕೊಡಬೇಕು, ಅದು ಇನ್ನೊಂದನ್ನು ಕರೆದರೆ ಅದರ ಕೈಗೂ ದಾಟಿಸಬೇಕು. ರಿಪೋರ್ಟಿನ ಕೆಳಗೆ ಹಾಕುವ ಡಾಕ್ಟರ ಹೆಸರು ಹತ್ತನೇ ಕೈಗೆ ಬೇಕಾದರೆ ಒಂಬತ್ತು ಕೈ ದಾಟಿ ಹೋಗಬೇಕು. ಈ ಕಷ್ಟ ತಪ್ಪಿಸಲು ಡೈನಮಿಕ್ ವೇರಿಯಬಲ್ ಎಂಬುದೊಂದಿದೆ. ಅದಕ್ಕೆ ಒಂದು ಕಾಯಂ ಬೆಲೆ, ಎಂದರೆ ಅದರಲ್ಲಿ ತುಂಬಿಟ್ಟ ಹೆಸರೋ ಅಂಕಿಯೋ, ಇರುತ್ತದೆ. ಒಂದು ಕೆಲಸ ನಡೆಯುವಷ್ಟು ಹೊತ್ತು ಮಾತ್ರ ಬೇರೆ ಬೆಲೆ ಕಟ್ಟಬಹುದು. ಆ ಕೆಲಸದೊಳಗೆ ಯಾರು ಯಾರನ್ನು ಕರೆದರೂ ಎಲ್ಲರಿಗೂ ಹೊಸ ಬೆಲೆಯೇ ಕಾಣುತ್ತದೆ. ಕೆಲಸ ಮುಗಿದೊಡನೆ ಹಳೆಯದು ತಾನಾಗಿ ವಾಪಸ್ಸು ಬರುತ್ತದೆ.

ಇದನ್ನು ಹೊಸದಾಗಿ ಸೇರಿದವರಿಗೆ ನಾನು ಬೋರ್ಡಿನ ತುಂಬ ಚೌಕ, ಬಾಣ ಬರೆದು ಮುಕ್ಕಾಲು ಗಂಟೆ ವಿವರಿಸುತ್ತಿದ್ದೆ. ಎಲ್ಲರೂ ತಲೆ ಆಡಿಸುತ್ತಿದ್ದರು. ಆಡಿಸಿ, ಟೀ ಕುಡಿಯುವ ನೆವದಲ್ಲಿ ಮೇಡಂ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಹೋಗಿ ಕೂರುತ್ತಿದ್ದರು. ನನ್ನ ಕಿವಿ ಅಲ್ಲೇ ಇರುತ್ತಿತ್ತು.

‘ನಮ್ಮ ಕಾಲೇಜಿನಾಗೆ ಪ್ರಿನ್ಸಿಪಾಲ್ರು ಎರಡು ದಿನ ಮೀಟಿಂಗಿಗೆ ಹೋದ್ರು ಅನ್ಕೊಳ್ರಿ. ಫಿಸಿಕ್ಸ್ ಮೇಷ್ಟ್ರು ಇನ್‌ಚಾರ್ಜು. ಜವಾನ, ಕ್ಲರ್ಕು, ಹುಡುಗ್ರು, ಎಲ್ಲಾ ಏನಂತಾರೆ? ಪ್ರಿನ್ಸಿಪಾಲರ ಸಹಿ ಬೇಕು ಅಂತಾರೆ. ಯಾರೂ ಯಾರಿಗೂ ಹೆಸರು ಹೇಳಂಗಿಲ್ಲ. ಈಗ ಆ ಕುರ್ಚಿಯಾಗೆ ಯಾರು ಕುಂತಾರೋ ಅವರೇ ಪ್ರಿನ್ಸಿಪಾಲ್ರು. ಸಾಹೇಬ್ರು ವಾಪಸ್ ಬಂದ್ರು, ಇನ್‌ಚಾರ್ಜು ಎದ್ರು. ಅಷ್ಟೇ. ಮತ್ತೆ ಮೊದಲಿನಂಗೆ.’

‘ಪಕ್ಕದ ಕಾಲೇಜಲ್ಲಿ ಮೇಡಂ?’ ಎಂದು ಒಬ್ಬ ಕೇಳಿದ. ಒಂದೇ ಸಮಯದಲ್ಲಿ ಬೇರೆ ಕಡೆ ನಡೆಯುತ್ತಿರುವ ಕೆಲಸಕ್ಕೆ ಈ ಬದಲಾವಣೆ ಕಾಣುತ್ತದೆಯೇ ಎಂಬುದು ಅವನ ಪ್ರಶ್ನೆ.

‘ಪಕ್ಕದ ಕಾಲೇಜಿಗೆ ನಮ್ಮ ಇನ್‌ಚಾರ್ಜ್ ಕಟ್ಟಿಕೊಂಡು ಏನಾಗಬೇಕ್ರಿ? ಅಲ್ಲಿ ಅವರ ಪ್ರಿನ್ಸಿಪಾಲ್ರು ಇರ್ತಾರೆ.’

ಮೂರು ನಿಮಿಷ. ನನ್ನ ಮುಕ್ಕಾಲು ಗಂಟೆ ಎಲ್ಲಿ ಹೋಯಿತೋ. ಇಂಥ ಹೆಸರುಗಳ ಹಿಂದೊಂದು ಮುಂದೊಂದು ನಕ್ಷತ್ರ ಚಿಹ್ನೆ ಹಾಕುವುದು ನಮ್ಮ ಭಾಷೆಯಲ್ಲಿ ರೂಢಿ. ಮೇಡಂ ಅವುಗಳಿಗೆ ‘ಓಲೆ ಹಾಕ್ಕೊಂಡ ಹೆಸರು’ ಎನ್ನುತ್ತಿದ್ದರು. ‘ಎರಡು ಕಿವಿಗೂ ಓಲೆ ಕಂಡ್ರೆ ಹುಷಾರಾಗಿರ್ರಿ, ಅದು ಯಾರದೋ ಕುರ್ಚಿ.’ ಆರು ತಿಂಗಳಲ್ಲಿ ಇಡೀ ಆಫೀಸು ಓಲೆ ಎನ್ನತೊಡಗಿತು. ನಾನು ಹಟ ಹಿಡಿದು ಡೈನಮಿಕ್ ವೇರಿಯಬಲ್ ಎಂದೇ ಹೇಳುತ್ತಿದ್ದೆ. ಒಂದು ದಿನ ನನ್ನ ಬಾಯಲ್ಲೂ ಓಲೆ ಬಂತು. ಯಾರೂ ಗಮನಿಸಲಿಲ್ಲ. ನನಗೆ ಮಾತ್ರ ಅವತ್ತೆಲ್ಲ ಸೋತಂತಾಗಿತ್ತು.

ಅವರು ಬಂದು ಆರನೇ ವರ್ಷ ಬಾಸ್‌ಗೆ ಮಂಡಿ ಆಪರೇಷನ್ ಆಯಿತು. ಮೂರು ತಿಂಗಳು ಆಫೀಸಿಗೆ ಬರುವಂತಿಲ್ಲ. ಹೋಗುವ ಮುಂಚೆ ಎಲ್ಲರನ್ನೂ ಕರೆದು, ‘ನಾನು ಬರೋತನಕ ಮೇಡಂ ಇನ್‌ಚಾರ್ಜ್. ಬಂದ್ಮೇಲೆ ಟೆಕ್ನಿಕಲ್ ಹೆಡ್ ಅಂತ ಒಬ್ರನ್ನ ಮಾಡ್ತೀನಿ’ ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಚಾಪೆಯ ಮೇಲೆ ಕೂತು ಬೆನ್ನು ನೋಯಿಸಿಕೊಂಡವನು ನಾನು, ಕ್ಯಾಬಿನ್ನಿನ ಕುರ್ಚಿ ಅವರಿಗೆ. ಸಂಜೆ ಮನೆಗೆ ಹೋಗಿ ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವರು ಎಡವಲಿ ಎಂದು ಕಾಯುತ್ತಾ ಕೂತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಎಡವಿದ್ದು ನಾನು. ಆ ವಾರಗಳಲ್ಲಿ ವಿಜಯನಗರದ ಒಂದು ಲ್ಯಾಬಿಗೆ ಹೊಸ ಅನುಕೂಲವೊಂದನ್ನು ಬರೆದುಕೊಟ್ಟಿದ್ದೆ. ಅಲ್ಲಿನ ಡಾಕ್ಟರಮ್ಮ ರಜೆ ಹಾಕಿದಾಗ ಬದಲಿ ಡಾಕ್ಟರು ಬರುತ್ತಾರೆ. ಆ ದಿನಗಳ ರಿಪೋರ್ಟಿನಲ್ಲಿ ಬದಲಿ ಡಾಕ್ಟರ ಹೆಸರು ಬರಬೇಕು. ಡಾಕ್ಟರ ಹೆಸರಿಗೆ ಓಲೆ ಹಾಕಿ, ಕಾಯಂ ಬೆಲೆ ಡಾಕ್ಟರಮ್ಮನದು ಇಟ್ಟು, ಬದಲಿಯವರು ಇದ್ದಾಗ ಅವರ ಹೆಸರು ಕಟ್ಟುವಂತೆ ಬರೆದೆ. ನಾಲ್ಕು ರಿಪೋರ್ಟು ನನ್ನ ತೆರೆಯ ಮೇಲೆ ನೋಡಿದೆ, ಸರಿಯಾಗಿತ್ತು, ಕಳಿಸಿದೆ.

ಆ ಡಾಕ್ಟರಮ್ಮ ಮಗಳ ಮದುವೆಗೆ ಒಂದು ವಾರ ರಜೆ ಹಾಕಿದ್ದರು. ವಾಪಸ್ಸು ಬಂದವರು ನೇರವಾಗಿ ನಮ್ಮ ಮೆಟ್ಟಿಲು ಹತ್ತಿದರು. ಕೈಯ ಮೆಹಂದಿ ಇನ್ನೂ ಕೆಂಪಗಿತ್ತು, ಅದೇ ಕೈಯಲ್ಲಿ ರಿಪೋರ್ಟಿನ ಕಟ್ಟು.

‘ಯಾರ್ರೀ ಇಲ್ಲಿ ಇನ್‌ಚಾರ್ಜು? ನಾನು ಮಂಟಪದಲ್ಲಿ ನಿಂತು ಧಾರೆ ಎರೀತಾ ಇದ್ದಾಗ ಇಲ್ಲಿ ಶುಗರ್ ರಿಪೋರ್ಟಿಗೆ ಸಹಿ ಹಾಕಿದೀನಂತೆ! ಒಂದಲ್ಲ ಎರಡಲ್ಲ, ವಾರದ್ದೆಲ್ಲ ನನ್ನ ಹೆಸರಲ್ಲೇ ಹೋಗಿದೆ. ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ ನೀವು ಬರ್ತೀರಾ?’

ನಾನು ತೆರೆಯಿಂದ ಕಣ್ಣೆತ್ತಲಿಲ್ಲ. ಕ್ಯಾಬಿನ್ನಿನಿಂದ ಮೇಡಂ ಎದ್ದು ಬಂದರು. ‘ನಾನು ಮೇಡಂ ಇನ್‌ಚಾರ್ಜು. ತಪ್ಪು ನಂದು. ಕುಂತ್ಕೊಳ್ರಿ, ನೀರು ಕುಡೀರಿ ಮೊದಲು’ ಎಂದರು. ಡಾಕ್ಟರಮ್ಮ ಕೂರಲಿಲ್ಲ. ಹತ್ತು ನಿಮಿಷ ಬೈದರು. ಮೇಡಂ ಕೈಕಟ್ಟಿ ನಿಂತು ಕೇಳಿದರು. ನನ್ನ ಮೇಜು ಅಲ್ಲಿಂದ ನಾಲ್ಕು ಹೆಜ್ಜೆ.

ಡಾಕ್ಟರಮ್ಮ ಹೋದ ಮೇಲೆ ಮೇಡಂ ಒಂದು ಲೋಟ ಟೀ ಹಿಡಿದು ನನ್ನ ಹತ್ತಿರ ಬಂದರು. ಕುರ್ಚಿಯ ಮೇಲಿನ ಹೆಲ್ಮೆಟ್ಟು ಎತ್ತಿ ನೆಲಕ್ಕಿಟ್ಟು ಕೂತು ನನ್ನ ಪ್ರೋಗ್ರಾಂ ತೆರೆಸಿದರು. ಬೆರಳು ಇಳಿಯುತ್ತಾ ಬಂದು ಒಂದು ಸಾಲಿನ ಮೇಲೆ ನಿಂತಿತು.

‘ಸರ, ನಮ್ಮ ಕ್ಲರ್ಕ್ ಬಲು ಸೋಮಾರಿ ಇದ್ದ’ ಎಂದರು ಮೆಲ್ಲಗೆ. ‘ಇನ್‌ಚಾರ್ಜು ನಲವತ್ತು ಸರ್ಟಿಫಿಕೇಟ್ ತಯಾರು ಮಾಡಯ್ಯಾ ಅಂದ್ರೆ ಆತು ಸರ್ ಅಂದು ಡ್ರಾಯರಿಗೆ ಹಾಕೋನು. ಹುಡುಗ್ರು ಬಂದು ಕೇಳಿದಾಗಲೇ ಟೈಪ್ ಮಾಡೋದು. ಅಷ್ಟೊತ್ತಿಗೆ ಸಾಹೇಬ್ರು ವಾಪಸ್ ಬಂದಿರೋರು. ಹೇಳಿದ್ದು ಇನ್‌ಚಾರ್ಜು, ಸಹಿ ಬೀಳೋದು ಸಾಹೇಬ್ರದ್ದು. ಈ ಭಾಷೆನೂ ಹಂಗೇ ಅಲ್ವೇನ್ರಿ? ರಿಪೋರ್ಟಿನ ಪಟ್ಟಿ ಮಾಡು ಅಂದ್ರೆ ಹೂಂ ಅಂತೈತೆ, ಯಾರಾದ್ರೂ ಕೇಳೋ ತನಕ ಮಾಡಲ್ಲ. ನೀವು ಪಟ್ಟಿ ಹೇಳಿ ಕುರ್ಚಿ ಬಿಟ್ಟು ಎದ್ದೀರಿ. ಪ್ರಿಂಟರ್ ಆಮೇಲೆ ಬಂದು ಕೇಳೈತೆ.’

ನಾನು ನೋಡಿದ ಆ ನಾಲ್ಕು ರಿಪೋರ್ಟು ತೆರೆಗೆ ಬಂದದ್ದು ಬದಲಿ ಹೆಸರು ಕಟ್ಟಿದ್ದ ಹೊತ್ತಿನಲ್ಲೇ. ಲ್ಯಾಬಿನಲ್ಲಿ ಪ್ರಿಂಟಾದದ್ದು ಕಟ್ಟು ಬಿಚ್ಚಿದ ಮೇಲೆ. ಪಟ್ಟಿ ಪೂರ್ತಿ ಈಗಲೇ ಆಗಲಿ ಎಂದು ಹೇಳುವ ಒಂದೇ ಒಂದು ಪದ ನಾನು ಬಿಟ್ಟಿದ್ದೆ. ಮೇಡಂ ಆ ಪದ ಸೇರಿಸಿ, ‘ಕುಂತಿರುವಾಗಲೇ ಮಾಡಿಸಿ ಏಳಬೇಕು ಸರ’ ಎಂದು, ತೆರೆಯನ್ನು ಸೆರಗಿನಿಂದ ಒರೆಸಿ ಎದ್ದರು. ನಾನು ‘ಹೌದಾ, ನೋಡ್ತೀನಿ’ ಎಂದೆ. ಸಾರಿ ಎನ್ನಲಿಲ್ಲ. ಆಮೇಲೆ ಎರಡು ದಿನ ಮೇಡಂ ಸ್ಕೂಟರಿನಲ್ಲಿ ವಿಜಯನಗರಕ್ಕೆ ಹೋಗಿ, ಬದಲಿ ಡಾಕ್ಟರ ಜೊತೆ ಕೂತು ಪ್ರತಿ ರಿಪೋರ್ಟನ್ನೂ ಹೊಸದಾಗಿ ಮಾಡಿಸಿಕೊಟ್ಟು ಬಂದರು. ಆ ಲ್ಯಾಬು ಇವತ್ತಿಗೂ ನಮ್ಮಲ್ಲೇ ಇದೆ.

ಬಾಸ್ ಬರುವ ಸೋಮವಾರ ನಾನು ಬೇಗ ಹೋಗಿದ್ದೆ. ಕ್ಯಾಬಿನ್ ಬಿಡಲು ಮೇಡಂಗೆ ಕಷ್ಟವಾಗುವುದನ್ನು ನೋಡುವ ಆಸೆ. ಮೂರು ತಿಂಗಳು ಕೂತ ಕುರ್ಚಿ, ಒಂದಿಷ್ಟಾದರೂ ಮುಖ ಬಾಡಬೇಡವೇ? ನಾನು ಹೋಗುವಷ್ಟರಲ್ಲಿ ಕ್ಯಾಬಿನ್ ಗುಡಿಸಿ, ಬಾಸ್‌ನ ಪೆನ್ನು ಇದ್ದಲ್ಲೇ ಇಟ್ಟು, ತಮ್ಮ ಹಳೆಯ ಮೇಜಿನಲ್ಲಿ ಯಾರದೋ ಪ್ರೋಗ್ರಾಂ ಮೇಲೆ ಬೆರಳಿಟ್ಟು ಓದುತ್ತಿದ್ದರು. ಆ ಸಲೀಸು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಮಧ್ಯಾಹ್ನ ಬಾಸ್ ನನ್ನನ್ನು ಒಳಗೆ ಕರೆದರು. ‘ಮೇಡಂ ಒಳ್ಳೇವ್ರೇ. ಆದ್ರೆ ನೋಡಿದ್ರಲ್ಲ, ಆ ರಿಪೋರ್ಟ್ ವಿಷ್ಯ. ಅಂಥ ತಪ್ಪು ನಿಮ್ಮಿಂದ ಆಗಲ್ಲ. ಏನಂತೀರಾ?’

‘ಹೌದು ಸಾರ್’ ಎಂದೆ.

ಆ ಎರಡು ಪದಕ್ಕೆ ನಾನು ಟೆಕ್ನಿಕಲ್ ಹೆಡ್ ಆದೆ.

ಮುಂದಿನ ವರ್ಷದಿಂದ ಮೇಡಂ ಹೊಸಬರಿಗೆ ಶನಿವಾರ ಒಂದು ಕ್ಲಾಸು ಶುರುಮಾಡಿದರು. ಓಲೆಯ ಪಾಠಕ್ಕೆ ಪ್ರತಿ ವರ್ಷ ಇದೇ ಉದಾಹರಣೆ. ಡಾಕ್ಟರಮ್ಮ, ಮೆಹಂದಿ, ಸೋಮಾರಿ ಕ್ಲರ್ಕು, ಎಲ್ಲ. ಕೊನೆಯಲ್ಲಿ, ‘ಈ ತಪ್ಪು ಆಗಿದ್ದು ನನ್ನಿಂದ’ ಎನ್ನುತ್ತಿದ್ದರು. ಎಂದು, ಡಸ್ಟರ್ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಬೋರ್ಡು ಒರೆಸುವರು. ಹೆಡ್ ಆದ ಮೇಲೆ ಕ್ಲಾಸಿಗೆ ಹಾಜರಿರಬೇಕಲ್ಲ, ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದೆ. ಆ ನಿಲ್ಲುವುದು ಮೇಷ್ಟರಗಿರಿಯ ನಾಟಕ ಎಂದುಕೊಳ್ಳುತ್ತಿದ್ದೆ. ಹುಡುಗರು ಅವರನ್ನು ಇನ್ನಷ್ಟು ಮೆಚ್ಚುತ್ತಿದ್ದರು. ತಪ್ಪು ನನ್ನದು, ಮೆಚ್ಚುಗೆ ಅವರಿಗೆ. ಇದಕ್ಕೂ ನಾನು ಉರಿದುಕೊಂಡೆ ಎಂದರೆ ನನ್ನ ಸ್ಥಿತಿ ನೋಡಿ.

ಈ ನಡುವೆ ಇನ್ನೊಂದಾಯಿತು. ಹಳೆಯ ಪ್ರೋಗ್ರಾಮುಗಳನ್ನೆಲ್ಲ ಹಳೇ ಯಂತ್ರದಿಂದ ಹೊಸ ಜಾಗಕ್ಕೆ ಸಾಗಿಸುವ ಕೆಲಸ ಮೇಡಂ ಮಾಡಿದರು. ಪ್ರತಿ ಸಾಲಿನ ಪಕ್ಕ ಅದನ್ನು ಬರೆದವರ ಹೆಸರು ತೋರಿಸುವ ವ್ಯವಸ್ಥೆ ನಮ್ಮಲ್ಲಿದೆ. ಹಳೆಯ ದಾಖಲೆ ಕೆಟ್ಟು ಹೋಗಿದ್ದರಿಂದ, ಸಾಗಿಸಿದವರ ಹೆಸರೇ ಎಲ್ಲ ಸಾಲಿಗೂ ಬಿತ್ತು. ‘ಏನು ಮಾಡಿದ್ರೂ ಹಳೇ ಹೆಸರು ಬರಲಿಲ್ಲ ಸರ’ ಎಂದು ಅವರೇ ಬಂದು ಪೇಚಾಡಿದರು. ಚಾಪೆಯ ಕಾಲದಿಂದ ನಾನು ಬರೆದದ್ದೆಲ್ಲ ಈಗ ಅವರ ಹೆಸರಿನಲ್ಲಿ. ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆದರೆ ನಾನು ತಪ್ಪಿದ್ದ ಆ ಒಂದು ಸಾಲಿಗೂ ಅವರ ಹೆಸರೇ ಬಿದ್ದಿದೆ ಎಂದು ಹೊಳೆದಾಗ ಉಸಿರು ಬಿಟ್ಟೆ. ಅವತ್ತಿನಿಂದ ಆ ಕಡತಕ್ಕೆ ನಾನು ಕೈ ಹಾಕಲಿಲ್ಲ.

ಬೀಳ್ಕೊಡುಗೆಯ ದಿನ ಹುಡುಗರು ಒಂದು ನಾಟಕ ಆಡಿದರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇನ್‌ಚಾರ್ಜು, ಡಾಕ್ಟರಮ್ಮನಾಗಿ ಮೀಸೆಯ ಹುಡುಗ, ‘ಮೇಡಂ ತಪ್ಪು’ ಎಂಬ ಬೋರ್ಡು. ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ನನಗೆ ಎರಡು ಮಾತು ಆಡಲು ಹೇಳಿದರು. ಹೇಳಿಬಿಡಬೇಕು ಎಂದೇ ಎದ್ದೆ. ಬಾಯಿಂದ ಬಂದದ್ದು, ‘ತಮ್ಮ ತಪ್ಪನ್ನೂ ಪಾಠ ಮಾಡಿದವರು ನಮ್ಮ ಮೇಡಂ’ ಎಂದು. ಜೋರು ಚಪ್ಪಾಳೆ. ಮೇಡಂ ನನ್ನ ಮುಖ ನೋಡುತ್ತಾ ಎಲ್ಲರಿಗಿಂತ ಕೊನೆಗೆ ಚಪ್ಪಾಳೆ ನಿಲ್ಲಿಸಿದರು.

ಹೋದ ಶನಿವಾರದ ಕ್ಲಾಸು ನನ್ನ ಪಾಲಿಗೆ ಬಂತು. ಬೇರೆ ಉದಾಹರಣೆ ಹುಡುಕಿದೆ, ಇದರಷ್ಟು ಚೆನ್ನಾಗಿ ಯಾವುದೂ ಕೂರಲಿಲ್ಲ. ಅದನ್ನೇ ಹೇಳಿದೆ. ಕೊನೆಗೆ ಬಂದು, ‘ಈ ತಪ್ಪು ಮಾಡಿದ್ದು ನಾನು’ ಎಂದೆ.

ಕೆಂಗೇರಿ ಉಪನಗರದಿಂದ ಬರುವ, ಹೋದ ವರ್ಷ ಸೇರಿದ ಹುಡುಗಿಯೊಬ್ಬಳು ನಕ್ಕಳು. ‘ಸಾರ್, ಅದು ಮೇಡಂ ಮಾಡಿದ್ದಲ್ವಾ?’

‘ಅಲ್ಲಮ್ಮಾ. ನಾನೇ.’

‘ಸುಮ್ನಿರಿ ಸಾರ್. ಮೇಡಂ ಹೋದ್ರಲ್ಲ, ಅವ್ರ ಮೇಲೆ ತಪ್ಪು ಇರ್ಬಾರ್ದು ಅಂತ ನೀವು ಹಾಕ್ಕೊಳ್ತಾ ಇದೀರ. ನೀವೂ ಥೇಟ್ ಮೇಡಂ ಥರಾನೇ ಆಗ್ಬಿಟ್ರಿ.’ ತನ್ನ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಆ ಸಾಲಿನ ಪಕ್ಕ ಮೇಡಂ ಹೆಸರಿತ್ತು. ‘ನೋಡಿ ಸಾರ್.’

ಸಾಗಿಸಿದ ಕಥೆ ಹೇಳಿದೆ. ದೊಡ್ಡವರು ಏನೋ ಹೇಳುತ್ತಿದ್ದಾರೆ ಎಂಬಂತೆ ಎಲ್ಲರೂ ಮುಗುಳ್ನಕ್ಕು ಕೇಳಿಸಿಕೊಂಡರು. ನನ್ನ ತಪ್ಪನ್ನೂ ಅವರು ಜೊತೆಗೆ ಒಯ್ದುಬಿಟ್ಟಿದ್ದರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರಂತೆ.

‘ಮೇಡಂ, ಕ್ಲಾಸಲ್ಲಿ ಹೇಳ್ದೆ. ಆ ರಿಪೋರ್ಟ್ ತಪ್ಪು ನಂದು ಅಂತ. ಯಾರೂ ನಂಬ್ಲಿಲ್ಲ.’

ನಕ್ಕರು. ‘ಇನ್ನೊಂದು ಸಲ ಹೇಳ್ರಿ.’

‘ಒಂಬತ್ತು ವರ್ಷ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?’

‘ಆ ಮೂರು ತಿಂಗಳು ಕುರ್ಚಿಯಾಗೆ ಕುಂತಿದ್ದು ನಾನಲ್ವೇನ್ರಿ ಸರ? ಡಾಕ್ಟರಮ್ಮನ ಮುಂದೆ ಅದು ನಂದೇ.’ ಸೊಪ್ಪು ಬಿಡಿಸುವ ಸದ್ದು ನಿಂತಿತು. ‘ಆದ್ರೆ ಇನ್‌ಚಾರ್ಜು ಮೂರು ತಿಂಗಳಿಗಷ್ಟೇ. ಸಾಹೇಬ್ರು ಬಂದ ಮ್ಯಾಲೆ ಅದು ನಿಮ್ಮದು ನಿಮಗೆ ವಾಪಸ್ ಬರಬೇಕಿತ್ತು. ಪ್ರತಿ ವರ್ಷ ಕ್ಲಾಸಿನಾಗೆ ನಂದು ಅಂದು ಒಂದು ಗಳಿಗೆ ನಿಲ್ತಿದ್ದೆ. ಹಿಂದುಗಡೆಯಿಂದ ನೀವು ಕೈ ಎತ್ತತೀರೇನೋ ಅಂತ.’

‘ಇರಲಿ ಬಿಡ್ರಿ, ಇವತ್ತು ಎತ್ತಿದ್ರಲ್ಲ’ ಎಂದು ಅವರೇ ಫೋನಿಟ್ಟರು.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಅಷ್ಟು ವರ್ಷ ಹಾಗೆ ಕಾಯಬಲ್ಲವರ ಮೇಲೆ ಹೋಗುವುದಾದರೂ ಹೇಗೆ? ಸೋಮವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಆ ಕಡತ ತೆರೆದೆ. ತಪ್ಪಿದ್ದ ಜಾಗದ ಮೇಲೆ ಒಂದು ಟಿಪ್ಪಣಿ ಸೇರಿಸಿದೆ. ಇಲ್ಲಿ ತಪ್ಪು ಮಾಡಿದವನು ನಾನು ಎಂದು ಬರೆದು, ಸರಿ ಮಾಡಿದವರು ಎಂದು ಅವರ ಪೂರ್ತಿ ಹೆಸರನ್ನು, ಇನಿಷಿಯಲ್ ಸಮೇತ, ನನ್ನ ಕೈಯಾರೆ ಬರೆದೆ. ಉಳಿಸಿದೆ. ಪಕ್ಕದಲ್ಲಿ ಆ ಸಾಲು ಬರೆದವರ ಹೆಸರು ಮೂಡಿತು. ಅಷ್ಟುದ್ದದ ಕಡತದಲ್ಲಿ ನನ್ನ ಹೆಸರಿರುವುದು ಆ ಒಂದು ಸಾಲಿಗೆ ಮಾತ್ರ.